ಒಂದೇ ತಾಟಿನ ಗುಳಿಗೆ

ನಮ್ಮ ಮನೆಯಲ್ಲಿ ಅನುಮಾನದ ಕಾಯಿಲೆ ಇರುವುದು ಅಣ್ಣನೊಬ್ಬನಿಗೇ ಎಂದು ಡಾಕ್ಟರು ಚೀಟಿಯ ಮೇಲೆ ಬರೆದಿದ್ದಾರೆ. ಉಳಿದವರನ್ನು ಅವರು ತಪಾಸಣೆ ಮಾಡಿಲ್ಲ. ಮಾಡಿದ್ದರೆ ಮೊದಲ ಹೆಸರು ನನ್ನದೇ ಇರುತ್ತಿತ್ತು.

ನನ್ನ ಕೆಲಸವೇ ಅನುಮಾನಪಡುವುದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ನಾಲ್ಕು ಮನೆಗಳ ಮಗ್ಗದಿಂದ ಇಳಿದ ಸೀರೆಗಳನ್ನು ಮಡಿಕೆ ಹಾಕುವ ಮೊದಲು ನಾನು ನೋಡುತ್ತೇನೆ. ಬಾಗಿಲ ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ಬೆರಳಾಡಿಸಿ, ಎಳೆ ತಪ್ಪಿದ್ದೆಲ್ಲಿ, ನೇಯ್ಗೆ ಸಡಿಲವಾದದ್ದೆಲ್ಲಿ ಎಂದು ಹುಡುಕುತ್ತೇನೆ. ನೇಯ್ದವರು ಏನೂ ತಪ್ಪಿಲ್ಲ ಎಂದರೆ ಇನ್ನೊಂದು ಸಲ ನೋಡುತ್ತೇನೆ. ಇಪ್ಪತ್ತು ವರ್ಷ ಬಟ್ಟೆ ನೋಡಿದ ಕಣ್ಣು ಮನುಷ್ಯರನ್ನೂ ಹಾಗೇ ನೋಡಲು ಕಲಿಯಿತು. ನನಗೆ ಮದುವೆಯಾಗಲಿಲ್ಲ. ಬಂದ ವರಗಳಲ್ಲೆಲ್ಲ ಏನಾದರೊಂದು ಕಾಣುತ್ತಿತ್ತು.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಮಗ್ಗದ ಕೋಣೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅವನು ನೇಯ್ದ ಪಟ್ಟೇದ ಅಂಚಿನ ಸೀರೆಯಲ್ಲಿ ನನಗೂ ತಪ್ಪು ಸಿಗುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷಕ್ಕೆ ಅವನಿಗೆ ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಮಾತು ಕೇಳಿಸತೊಡಗಿತು. ಆ ಮಗ್ಗ ತನ್ನ ಹೆಸರು ಹಿಡಿದು ಬೈಯುತ್ತದೆ ಎಂದ. ನಾವು ನಕ್ಕೆವು. ಆಮೇಲೆ ಕಿಟಕಿಗೆ ಗೋಣಿಚೀಲ ಹೊಡೆದ. ನೀರಿನ ಕೊಡದಲ್ಲಿ ಯಾರೋ ಏನೋ ಕಲಸಿದ್ದಾರೆ ಎಂದು ಕೊಡಗಟ್ಟಲೆ ನೀರು ಅಂಗಳಕ್ಕೆ ಚೆಲ್ಲಿದ. ಆಗ ನಗು ನಿಂತಿತು. ರೋಣದ ದವಾಖಾನೆಗೆ ತಿಂಗಳಿಗೊಮ್ಮೆ ಬರುವ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಇದಕ್ಕೆ ಸ್ಕಿಜೋಫ್ರೇನಿಯಾ ಎನ್ನುತ್ತಾರೆ ಎಂದು ಅವರು ಹೇಳಿ ಗುಳಿಗೆ ಬರೆದುಕೊಟ್ಟರು. ಅಣ್ಣ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೋಗಿ ಬಚ್ಚಲಲ್ಲಿ ಉಗುಳುತ್ತಿದ್ದ.

ಆ ವರ್ಷ ನಾಗರಪಂಚಮಿಗೆ ಇನ್ನು ನಾಲ್ಕು ದಿನ ಇತ್ತು. ಮಧ್ಯಾಹ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮಗ್ಗದ ಪಕ್ಕದಲ್ಲಿ ರಾಟಿ ಹಾಕಿಕೊಂಡು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯ ಹೊಟ್ಟೆಯಲ್ಲಿ ಕೂಡಿಸುವ ನೂಲಿನ ಸುರುಳಿಯೇ ಕಂಡಿಕೆ. ಗಂಡ ನೇಯ್ದರೆ ಹೆಂಡತಿ ಅದನ್ನು ಸುತ್ತಬೇಕು. ಅಣ್ಣನಿಗೆ ಏನು ಕೇಳಿಸಿತೋ, ಕೈಯಲ್ಲಿದ್ದ ಲಾಳಿಯನ್ನು ಬೀಸಿ ಅವಳ ಮುಖಕ್ಕೆ ಒಗೆದ. ಲಾಳಿಯ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು.

ಪಂಚಮಿಗೆ ತಂಗಿಯನ್ನು ಕರೆಯಲು ನರಗುಂದದಿಂದ ವೈನಿಯ ಅಣ್ಣ ಬಂದ. ಅಲ್ಲಿಯ ಪೇಟೆಯಲ್ಲಿ ಅಂಗಡಿ ಇಟ್ಟವನು, ಮಾತು ಕಡಿಮೆ. ಉಂಡಿಯ ಡಬ್ಬಿ ಕೆಳಗಿಡುವ ಮೊದಲೇ ತಂಗಿಯ ಹಣೆಯ ಪಟ್ಟಿ ನೋಡಿದ.

"ಬಾಗಲಾ ಬಡೀತ್ರಿ," ಎಂದಳು ನಮ್ಮ ಅವ್ವ.

"ಬಾಗಲಕ್ಕ ಮೊನಿ ಇರತೈತೇನ್ರಿ?" ಎಂದ ಅವನು. ಅವಳನ್ನು ಆಗಲೇ ಕರೆದೊಯ್ಯಲು ಎದ್ದು ನಿಂತ. ವೈನಿ ಒಳಗಿನಿಂದಲೇ ಬರುವುದಿಲ್ಲ ಎಂದಳು. ಅವನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. "ಸಂಕ್ರಾಂತಿತನಕ ನೋಡತೇನಿ. ಅಷ್ಟರಾಗ ಇನ್ನೊಮ್ಮೆ ಕೈ ಎತ್ತಿದ್ರ ಕರಕೊಂಡ ಹೋಗತೇನಿ. ಆಮ್ಯಾಲೆ ತಿರುಗಿ ಕಳಸೂದಿಲ್ಲ."

ವೈನಿ ಹೋದರೆ ಅಣ್ಣನ ಗತಿ ಏನು ಎಂದು ನನಗೆ ಗೊತ್ತಿತ್ತು. ಅವನು ಹತ್ತಿರ ಬಿಟ್ಟುಕೊಳ್ಳುತ್ತಿದ್ದದ್ದು ಅವಳೊಬ್ಬಳನ್ನೇ. ಅವಳಿಲ್ಲದಿದ್ದರೆ ಅವನಿಗೆ ಉಣ್ಣಿಸುವವರಿಲ್ಲ, ಮಗ್ಗಕ್ಕೆ ಕೂಡಿಸುವವರಿಲ್ಲ. ಹಗ್ಗದಿಂದ ಕಟ್ಟಿ ಹಾಕುವುದೊಂದೇ ಉಳಿಯುತ್ತಿತ್ತು. ನಮ್ಮ ಓಣಿಯಲ್ಲಿ ಹಾಗೆ ಕಟ್ಟಿಸಿಕೊಂಡವನೊಬ್ಬನನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಅವನ ಕಾಲ ಗಾಯ ನನಗೆ ಇವತ್ತಿಗೂ ನೆನಪಿದೆ.

ಅಣ್ಣ ರೋಣಕ್ಕೆ ಬರುವುದನ್ನು ಬಿಟ್ಟಿದ್ದ. ನಾನೂ ವೈನಿಯೂ ಹೋದೆವು. ಡಾಕ್ಟರು ಹಣೆಯ ಹೊಲಿಗೆ ನೋಡಿ ಹ್ಯಾಲೊಪೆರಿಡಾಲ್ ಎಂಬ ಬಿಳಿ ಗುಳಿಗೆ ಬರೆದರು. ಹಳೆಯ ಔಷಧ, ಹೊಡೆದಾಡುವವರನ್ನು ಬೇಗ ತಣ್ಣಗಾಗಿಸುತ್ತದೆ, ಆದರೆ ಮೈ ಬಿಗಿಯುತ್ತದೆ, ಅದಕ್ಕೆ ಜೊತೆಯಲ್ಲಿ ಇನ್ನೊಂದು ಸಣ್ಣ ಗುಳಿಗೆ ಕೊಡಿ ಎಂದರು. ಉಗುಳುತ್ತಾನೆ ಎಂದು ನಾನು ಹೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಮೆಣಸಗಿ ಊರಿನ ಹೆಂಗಸೊಬ್ಬಳು ಸಿಕ್ಕಳು. ಅವಳ ಮಗನಿಗೂ ಇದೇ ಕಾಯಿಲೆ.

"ಚಾದಾಗ ಕಲಿಸಿ ಕೊಡ್ರಿ," ಎಂದಳು. "ಎಲ್ಲಾರೂ ಹಂಗ ಮಾಡ್ತಾರ."

ಬಸ್ಸಿನಲ್ಲಿ ಕೂತು ನಾನು ನಿರ್ಧಾರ ಮಾಡಿದೆ. ಚಹಾದಲ್ಲಿ ಬೇಡ, ಪುಂಡಿಪಲ್ಯದಲ್ಲಿ. ಹುಳಿಗೆ ಯಾವ ರುಚಿಯೂ ಮುಚ್ಚಿಹೋಗುತ್ತದೆ.

"ಅವರಿಗೆ ಗೊತ್ತಾದ್ರ?" ಎಂದಳು ವೈನಿ.

"ಹ್ಯಾಂಗ ಗೊತ್ತಾಗತೈತಿ? ನಿಮ್ಮ ಮಾರಿ ನೋಡಿದ್ರ ಅಷ್ಟ ಗೊತ್ತಾಗತೈತಿ. ಮಾರಿ ಸಂಭಾಳಿಸಿಕೊಳ್ರಿ," ಎಂದೆ.

ಮರುದಿನದಿಂದ ಅಡುಗೆಮನೆಯಲ್ಲಿ ಗುಳಿಗೆ ಪುಡಿಯಾಯಿತು. ಪುಡಿ ಮಾಡುವವಳು ವೈನಿ, ತಾಟು ಒಯ್ಯುವವಳೂ ವೈನಿ. ಅಣ್ಣ ಮಗ್ಗದ ಕೋಣೆಯಲ್ಲೇ ಉಣ್ಣುತ್ತಿದ್ದ, ಬಾಗಿಲು ಮುಚ್ಚಿಕೊಂಡು. ನಮ್ಮಲ್ಲಿ ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣುವ ರೂಢಿ. ಅಪ್ಪ ಇರುವವರೆಗೆ ಅವ್ವ ಅವನ ತಾಟಿನಲ್ಲೇ ಉಂಡವಳು. ಹೀಗಾಗಿ ಕೋಣೆಯಿಂದ ಖಾಲಿಯಾದ ಒಂದೇ ತಾಟು ಹೊರಗೆ ಬಂದಾಗ ಯಾರಿಗೂ ಏನೂ ಅನಿಸಲಿಲ್ಲ. "ಎಷ್ಟಾದ್ರೂ ನನ್ನ ಸೊಸಿ," ಎಂದು ಅವ್ವ ಹಿಗ್ಗಿದಳು. ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡುವ ನಾನು ಆ ತಾಟನ್ನು ಮಾತ್ರ ನೋಡಲಿಲ್ಲ.

ಎರಡು ವಾರಕ್ಕೆ ಅಣ್ಣ ಸ್ವಲ್ಪ ತಗ್ಗಿದಂತೆ ಕಂಡ. ಮೂರನೆಯ ವಾರ ಅವ್ವನನ್ನು ನೂಕಿ ಕೆಡವಿದ. ನಾವು ನರಗುಂದಕ್ಕೆ ಸುದ್ದಿ ಮುಟ್ಟದಂತೆ ನೋಡಿಕೊಂಡೆವು. ಅದೇ ದಿನಗಳಲ್ಲಿ ವೈನಿಯ ನಡವಳಿಕೆ ಬದಲಾಯಿತು. ಅವಳು ಕೂತಲ್ಲಿ ಕೂಡುತ್ತಿರಲಿಲ್ಲ. ರಾಟಿಯ ಮುಂದೆ ಕೂತು ಎರಡು ಸುತ್ತು ಸುತ್ತುವಷ್ಟರಲ್ಲಿ ಎದ್ದು ಹಿತ್ತಲಿಗೆ ಹೋಗುವಳು, ಬರುವಳು, ಬಾಗಿಲಿಗೆ ಹೋಗಿ ರಸ್ತೆ ನೋಡುವಳು, ಮತ್ತೆ ಬರುವಳು. ಮಾತಾಡಿಸಿದರೆ ಹಲ್ಲು ಕಚ್ಚಿಕೊಂಡು ಉತ್ತರ ಕೊಡುವಳು. ಇವಳ ಕಾಲು ಆಗಲೇ ನರಗುಂದದ ಬಸ್ಸು ಹತ್ತಿದೆ ಎಂದುಕೊಂಡೆ.

ಬಿಳಿ ಗುಳಿಗೆಯಿಂದ ಏನೂ ಆಗಲಿಲ್ಲ ಎಂದು ನಾನು ರೋಣದಲ್ಲಿ ವರದಿ ಒಪ್ಪಿಸಿದೆ. ಡಾಕ್ಟರು ಅದನ್ನು ಸ್ವಲ್ಪ ಏರಿಸಿ ಇನ್ನೊಂದು ತಿಂಗಳು ನೋಡಿ, ದಸರೆಯ ಹೊತ್ತಿಗೆ ಬಿಡಿಸಿದರು. ಓಲಾಂಜಪಿನ್ ಎಂಬುದನ್ನು ಬರೆದರು. ಇದು ಮೈ ಬಿಗಿಸುವುದು ಕಡಿಮೆ, ಆದರೆ ನಿದ್ದೆ ಮತ್ತು ಹಸಿವು ಹೆಚ್ಚು, ತೂಕ ನೋಡಿಕೊಳ್ಳಿ ಎಂದರು. ನಾನು ಅಣ್ಣನನ್ನು ಸೀರೆ ನೋಡಿದಂತೆ ನೋಡತೊಡಗಿದೆ. ಅವನು ಒಂದು ಸುತ್ತೂ ದಪ್ಪಗಾಗಲಿಲ್ಲ. ದಪ್ಪಗಾದವಳು ವೈನಿ. ದೀಪಾವಳಿಗೆ ಅವಳ ಕುಪ್ಪಸಗಳ ಹೊಲಿಗೆ ಬಿಚ್ಚಬೇಕಾಯಿತು. ಬಸುರಾಗಿದ್ದಾಳೆ ಎಂದು ಅವ್ವ ದೇವರಿಗೆ ಹರಕೆ ಹೊತ್ತಳು. ಅಲ್ಲ ಎಂದು ನನಗೆ ಗೊತ್ತಿತ್ತು. ಕದ್ದು ತಿನ್ನುತ್ತಾಳೆ ಎಂದುಕೊಂಡೆ. ಶೇಂಗಾ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದೆ. ನನ್ನ ಸಣ್ಣತನಕ್ಕೆ ಆ ಡಬ್ಬಿಯೇ ಸಾಕ್ಷಿ.

ಆಮೇಲೆ ಬಟ್ಟೆಯಲ್ಲಿ ತಪ್ಪು ಸಿಗತೊಡಗಿತು. ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಕುಣಿಕೆ. ಅದು ನೇಯುವವನ ತಪ್ಪಲ್ಲ, ಕಂಡಿಕೆ ಸಡಿಲವಾಗಿ ಸುತ್ತಿದವರ ತಪ್ಪು. ಹೋಗಿ ನೋಡಿದರೆ ವೈನಿ ರಾಟಿಯ ಮೇಲೆ ತಲೆಯಿಟ್ಟು ಹಾಡಹಗಲೇ ನಿದ್ದೆ ಹೊಡೆಯುತ್ತಿದ್ದಾಳೆ, ಬಾಯಿಯ ಮೂಲೆಯಲ್ಲಿ ಜೊಲ್ಲು. ಅಣ್ಣ ಮಗ್ಗದಲ್ಲಿ ಎಚ್ಚರವಾಗಿ ಕೂತು ಗೋಡೆಯ ಜೊತೆ ಜಗಳವಾಡುತ್ತಿದ್ದಾನೆ. ಆ ವಾರವೇ ಅವನು ಚಾಕು ತಂದು ಮಗ್ಗದ ಮೇಲಿನ ಹಾಸಿನ ಉದ್ದನೆಯ ಎಳೆಗಳನ್ನೆಲ್ಲ ಕತ್ತರಿಸಿದ. ಬಿಡಿಸಲು ಹೋದ ವೈನಿಯ ಕಡೆಗೂ ಚಾಕು ತಿರುಗಿತು, ಏಕೋ ತಾನೇ ಕೆಳಗಿಟ್ಟ.

ಆಗ ನನ್ನ ಲೆಕ್ಕ ಕೂಡಿತು. ಎರಡು ಔಷಧ ಬದಲಾದರೂ ಇವನಿಗೆ ನಾಟುವುದಿಲ್ಲ ಎಂದರೆ, ಇವಳು ಹಾಕುತ್ತಲೇ ಇಲ್ಲ. ಸಂಕ್ರಾಂತಿಯೊಳಗೆ ಅವನು ಇನ್ನೊಮ್ಮೆ ಕೈ ಎತ್ತಲಿ, ನರಗುಂದದಿಂದ ತನ್ನ ಅಣ್ಣ ಬಂದು ಕರೆದೊಯ್ಯಲಿ ಎಂದು ದಾರಿ ಕಾಯುತ್ತಿದ್ದಾಳೆ. ಗುಳಿಗೆಯ ಪಟ್ಟಿ ಸರಿಯಾಗಿಯೇ ಖಾಲಿಯಾಗುತ್ತಿತ್ತು, ನಾನು ದಿನಾ ನೋಡುತ್ತಿದ್ದೆ. ಬಚ್ಚಲಿಗೆ ಚೆಲ್ಲುತ್ತಿರಬೇಕು ಎಂದುಕೊಂಡೆ. ಅವಳನ್ನು ಕೇಳಬಹುದಿತ್ತು. ಕೇಳಿದರೆ ಸುಳ್ಳು ಹೇಳುತ್ತಾಳೆ ಎಂಬ ಅನುಮಾನ ಅದಕ್ಕಿಂತ ಮೊದಲೇ ಬಂದಿತ್ತು.

ಹಳೆಯ ಬಿಳಿ ಗುಳಿಗೆ ಇನ್ನೂ ಎರಡು ಪಟ್ಟಿ ಉಳಿದಿತ್ತು. ಡಿಸೆಂಬರ್ ಕೊನೆಯಲ್ಲಿ ಒಂದು ದಿನ, ವೈನಿ ನೀರಿಗೆ ಹೋದಾಗ, ಒಂದನ್ನು ಪುಡಿ ಮಾಡಿ ಅಣ್ಣನ ಪಲ್ಯದ ಬಟ್ಟಲಲ್ಲಿ ಕಲಸಿದೆ. ಮರುದಿನವೂ ಕಲಸಿದೆ. ಜೊತೆಗೆ ಕೊಡಬೇಕಾದ ಸಣ್ಣ ಗುಳಿಗೆ ನೆನಪಾಗಲೇ ಇಲ್ಲ. ಎರಡು ವಾರ ಮನೆಯಲ್ಲಿ ಯಾರಿಗೂ ತಿಳಿಯದಂತೆ ನಾನೇ ಡಾಕ್ಟರಾಗಿದ್ದೆ. ಆ ದಿನಗಳಲ್ಲಿ ಒಂದು ಬೆಳಿಗ್ಗೆ ವೈನಿ ಅಂಗಳದಲ್ಲಿ ರಂಗೋಲಿ ಹಾಕುತ್ತ ಹಾಗೇ ಮುಗ್ಗರಿಸಿ ಬಿದ್ದಳು. ನೀರು ಕುಡಿಸಿದೆ. ಅವಳ ಬಾಯಿ ಸರಿಯಾಗಿ ತೆರೆಯಲಿಲ್ಲ. ನಾಟಕ ಎಂದುಕೊಂಡೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆದರೆ ಅಂದು ನನ್ನ ಮನಸ್ಸಿಗೆ ಬಂದದ್ದು ಅದೇ.

ಸಂಕ್ರಾಂತಿಗೆ ವಾರ ಇರುವಾಗ ಡಾಕ್ಟರ ದಿನ ಬಂತು. ಈ ಸಲ ಅಣ್ಣನನ್ನು ಕರೆತರಲೇಬೇಕು, ರಕ್ತ ನೋಡಬೇಕು ಎಂದು ಅವರು ಹೇಳಿ ಕಳಿಸಿದ್ದರು. ಸಕ್ಕರೆ ಕಾಯಿಲೆ ತಪಾಸಣೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿಸಿದೆವು. ಅಣ್ಣ ಅವ್ವನ ಜೊತೆ ದವಾಖಾನೆಯ ಬೇವಿನ ಗಿಡದ ಕೆಳಗೆ ಕೂತ. ನಾನೂ ವೈನಿಯೂ ಒಳಗೆ ಹೋದೆವು.

ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತಿದ್ದರು. "ಪಂಚಮಿಯಿಂದ ಎರಡು ಔಷಧ ಸೋತಾವ ಅಂದ್ರ ಮೂರನೇದು ಕ್ಲೋಜಪಿನ್," ಎಂದರು. "ಕೈ ಮಾಡೂ ಮಂದಿಗೆ, ಬ್ಯಾರೆ ಯಾವುದಕ್ಕೂ ಬಗ್ಗದಾಗ, ಇದರಷ್ಟು ಚಲೋ ಯಾವುದೂ ಇಲ್ಲ. ಆದರ ರಕ್ತದಾಗಿನ ಬಿಳಿ ಕಣ ಇಳೀಬಹುದು. ಮೊದಮೊದಲು ವಾರಕ್ಕೊಮ್ಮೆ ರಕ್ತ ನೋಡಬೇಕು. ಚೂರು ಚೂರು ಏರಿಸಬೇಕು. ಬ್ಯಾರೆ ಯಾರ ಬಾಯಾಗೂ ಹೋಗಬಾರದು." ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಡಾಕ್ಟರು ಅವಳ ಕಡೆ ತಿರುಗಿದರು. "ನೀವು ಹೇಳ್ರಿ. ಮೊದಲಿನದಕ್ಕೂ ಎರಡನೇದಕ್ಕೂ ಏನು ಫರಕು ಕಂಡ್ರಿ?"

ಅವಳು ಮೇಜಿನ ಕಾಲು ನೋಡುತ್ತ ಹೇಳತೊಡಗಿದಳು.

"ಮೊದಲಿನದು ಕಾಲಾಗ ಇರಿವಿ ಬಿಟ್ಟಂಗ ಆಗತೈತ್ರಿ. ಕುಂತರ ಏಳಬೇಕು, ಎದ್ದರ ನಡೀಬೇಕು. ದವಡಿ ಬಿಗೀತೈತಿ. ಸಿಟ್ಟು ಹೋಗೂದಿಲ್ರಿ, ಒಳಗ ಇರತೈತಿ, ಮಾರಿ ಮ್ಯಾಲೆ ಬರೂದಿಲ್ಲ ಅಷ್ಟ. ಎರಡನೇದು ಹಂಗಲ್ರಿ. ಅದರಾಗ ಸಿಟ್ಟು ಬಂದ್ರೂ ಲಗೂ ಕರಗತೈತಿ. ಆದರ ನಿದ್ದಿ ಭಾಳ. ಉಂಡ ಕೈ ಒಣಗೂದ್ರಾಗ ಮತ್ತ ಹಸಿವಿ."

ಡಾಕ್ಟರ ಪೆನ್ನು ನಿಂತಿತು. "ಇದನ್ನ ಅವರು ಹೇಳಿದ್ರೇನು?"

"ಅವರು ಏನೂ ಹೇಳೂದಿಲ್ರಿ."

"ಮತ್ತ ನಿಮಗ ಹ್ಯಾಂಗ ಗೊತ್ತು?"

ಡಾಕ್ಟರು ಎದ್ದು ಬಂದು ಅವಳ ಕೈ ಹಿಡಿದು ಮೊಣಕೈಯಲ್ಲಿ ಮಡಚಿ ಬಿಡಿಸಿ ನೋಡಿದರು. ಬೆರಳು ಮುಂದೆ ಚಾಚಲು ಹೇಳಿದರು. ಬೆರಳು ನಡುಗುತ್ತಿದ್ದವು. ನಾನು ಅದನ್ನು ಅಷ್ಟು ದಿನ ನೋಡಿಯೂ ಇರಲಿಲ್ಲ.

"ಅವರು ತಾವ ಮೊದಲ ಉಣ್ಣೂದಿಲ್ರಿ," ಎಂದಳು ವೈನಿ. "ಇದರಾಗ ಏನೋ ಹಾಕೀರಿ, ಮೊದಲ ನೀ ಉಣ್ಣು ಅಂತಾರ. ಪಲ್ಯಾ ಕಲಿಸಿ ಅರ್ಧಾ ನನ್ನ ಕಡೆ ಸರಸ್ತಾರ. ನಾ ನುಂಗೂತನಕ ಬಾಯಿ ನೋಡತಾರ. ಆಮ್ಯಾಲೆ ಉಣತಾರ. ನಾ ಉಣಲಿಲ್ಲಂದ್ರ ಅವರ ಹೊಟ್ಟಿಗೆ ಏನೂ ಹೋಗೂದಿಲ್ಲ. ಅರ್ಧಾರ ಹೋಗಲಿ ಅಂತ ಉಂಡೆ."

"ಎಷ್ಟು ದಿನದಿಂದ?"

"ಪಂಚಮಿಯಿಂದ್ರಿ." ಅವಳು ಇನ್ನೊಂದು ಮಾತು ಹೇಳಿದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. "ಎರಡು ವಾರದಿಂದ ಎರಡೂ ಕೂಡೇ ಬರಾಕತ್ತಾವ್ರಿ. ದವಡಿ ಮತ್ತ ಬಿಗೀತೈತಿ. ಬಿಳಿ ಗುಳಿಗಿ ನಾ ಹಾಕಿಲ್ಲ."

ಕೋಣೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಿಳಿ ಗುಳಿಗೆ ಹಾಕಿದ್ದು ನಾನು ಎಂದು ನಾನೇ ಹೇಳಿದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು. ಡಾಕ್ಟರು ಬೈಯಲಿಲ್ಲ. ಚೀಟಿಯ ಮೇಲೆ ತಾವೇ ಬರೆದ ಎರಡು ಸಾಲನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದರು.

"ಎರಡೂ ಔಷಧ ಸೋತಾವ ಅಂತ ಬರದಿದ್ದೆ. ಅವು ಸೋತಿಲ್ಲ. ಪೂರ್ತಿ ಅವರ ಹೊಟ್ಟಿಗೆ ಹೋಗೇ ಇಲ್ಲ. ಇವತ್ತ ಕ್ಲೋಜಪಿನ್ ಕೊಟ್ಟು ಕಳಿಸಿದ್ರ ಅದನ್ನೂ ಇವರ ಬಾಯಿಗೆ ಹಾಕತಿದ್ರಿ."

ನಾನು ವೈನಿಯ ಕಡೆ ತಿರುಗಿದೆ. "ನನಗರ ಹೇಳಬಾರದೇನ್ರಿ ವೈನಿ?"

"ಹೇಳಿದ್ರ ನೀವು ನಂಬತಿದ್ರೇನು?" ಎಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಇನ್ನು ಅವರಿಗೆ ಕದ್ದು ಕೊಡುವುದು ಬೇಡ, ಕರೆದು ಹೇಳೋಣ ಎಂದರು ಡಾಕ್ಟರು. ಅಣ್ಣ ಒಳಗೆ ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತ. ಹೇಳಿದವಳು ವೈನಿಯೇ. "ನೀವು ಅಂದಿದ್ದು ಖರೇ. ಊಟದಾಗ ಗುಳಿಗಿ ಹಾಕತಿದ್ವಿ," ಎಂದಳು.

"ಯಾರ ವಿಚಾರ?" ಎಂದ ಅಣ್ಣ.

"ನಂದು," ಎಂದೆ.

ಅವನ ಮುಷ್ಟಿ ಬಿಗಿಯಿತು. ಲಾಳಿ ಒಗೆದ ಕೈ ಅದು. ನಾನು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದಾಗ ಅವನು ಡಾಕ್ಟರನ್ನು ನೋಡುತ್ತಿದ್ದ, ಕಣ್ಣಲ್ಲಿ ನೀರು ಇತ್ತು. "ನಾ ಹೇಳಿದಾಗ ಎಲ್ಲಾರೂ ಹುಚ್ಚ ಅಂದ್ರಿ."

"ಅದೊಂದು ಅನುಮಾನ ನಿಮ್ಮದು ಖರೇ ಇತ್ತು," ಎಂದರು ಡಾಕ್ಟರು. "ಮಗ್ಗ ಬೈತೈತಿ ಅನ್ನೂದು ಖರೇ ಅಲ್ಲ. ಎರಡನ್ನೂ ಬ್ಯಾರೆ ಮಾಡಾಕ ಔಷಧ ಬೇಕು. ಯಾವುದು ಅಂತ ನೀವ ಹೇಳ್ರಿ."

ಅವರು ಎರಡೂ ಗುಳಿಗೆಯ ಗುಣ ದೋಷ ಅವನಿಗೇ ಹೇಳಿದರು. ಐದು ತಿಂಗಳಲ್ಲಿ ಅವನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಲಾಳಿ ಹಿಡಿಯುವ ಕೈ ಬಿಗಿಯಬಾರದು ಎಂದ ಅಣ್ಣ. ಎರಡನೆಯದನ್ನೇ ಆರಿಸಿದ. ಎರಡು ಶರತ್ತು ಹಾಕಿದ: ಪಟ್ಟಿಯಿಂದ ತನ್ನ ಕಣ್ಣೆದುರು ಒಡೆದು ವೈನಿಯೇ ಅಂಗೈಯಲ್ಲಿ ಇಡಬೇಕು. ಊಟದ ಹತ್ತಿರ ತಂಗಿಯಾದ ನಾನು ಬರಬಾರದು.

ಸಂಕ್ರಾಂತಿಗೆ ನರಗುಂದದವನು ಬಂದ. ವೈನಿ ಅವನಿಗೆ ಎಲ್ಲವನ್ನೂ ಹೇಳಿದಳು, ಚಾಕುವನ್ನೂ ಬಿಡಲಿಲ್ಲ. ಅವನು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ಮೈಯೊಳಗಿನ ಔಷಧ ಇಳಿಯುವವರೆಗೆ ಅವಳು ತವರಿಗೆ ಹೋಗಲಿ ಎಂದು ಡಾಕ್ಟರೂ ಹೇಳಿದ್ದರು, ಹೋದಳು. ಆ ದಿನಗಳಲ್ಲಿ ಅಣ್ಣನ ಒಪ್ಪಿಗೆಯಿಂದ, ಅವನ ಕಣ್ಣೆದುರೇ ಒಡೆದು ಗುಳಿಗೆ ಕೊಟ್ಟವಳು ಅವ್ವ. ವೈನಿ ಮರಳಿ ಬರುವುದಿಲ್ಲ ಎಂದು ನಾನು ಖಚಿತ ಮಾಡಿಕೊಂಡಿದ್ದೆ. ಅವಳ ರಾಟಿಯನ್ನು ಒರೆಸಿ ಮೂಲೆಗೂ ಇಟ್ಟಿದ್ದೆ. ಮೂರನೆಯ ವಾರ ಅವಳು ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಿಂದ ಒಬ್ಬಳೇ ನಡೆದುಕೊಂಡು ಬಂದಳು. ರಾಟಿ ಎಲ್ಲಿ ಎಂದು ಕೇಳಿದಳು.

ಅಣ್ಣನಿಗೆ ಇಂದಿಗೂ ಒಮ್ಮೊಮ್ಮೆ ಮಗ್ಗದ ಮಾತು ಕೇಳಿಸುತ್ತದೆ. ತೂಕ ಏರಿದೆ, ಬೆಳಿಗ್ಗೆ ತಡವಾಗಿ ಏಳುತ್ತಾನೆ. ಕೂಗಾಡುವುದೂ ಉಂಟು. ಆದರೆ ಕೈ ಎತ್ತಿಲ್ಲ. ಬಟ್ಟೆಯ ಅಂಚು ಮತ್ತೆ ನೇರವಾಗಿದೆ, ಕುಣಿಕೆ ಇಲ್ಲ. ನಾನು ಎರಡೆರಡು ಸಲ ನೋಡುತ್ತೇನೆ, ಅದು ಬಿಡುವ ಚಟವಲ್ಲ. ಶೇಂಗಾ ಡಬ್ಬಿಯನ್ನು ಕೆಳಗೆ ಇಳಿಸಿಟ್ಟಿದ್ದೇನೆ.

ವೈನಿ ಗುಳಿಗೆ ಅಂಗೈಯಲ್ಲಿಟ್ಟರೆ ಅಣ್ಣ ನೋಡದೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಅವಳು ಹೊರಗೆ ಹೋದ ದಿನ, ಬಾಯಾರಿತು ಎಂದು ಕೇಳಿದಾಗ, ಕೆಲವೊಮ್ಮೆ ನಾನೇ ನೀರು ಒಯ್ಯಬೇಕಾಗುತ್ತದೆ. ಅವನು ತಂಬಿಗೆ ಇಸಿದುಕೊಳ್ಳುತ್ತಾನೆ, ನನ್ನ ಮುಖ ನೋಡುತ್ತಾನೆ, ತಂಬಿಗೆಯನ್ನು ಮರಳಿ ನನ್ನ ಕಡೆಗೆ ಚಾಚುತ್ತಾನೆ.

"ಮೊದಲ ನೀ ಕುಡಿ," ಎನ್ನುತ್ತಾನೆ.

ನಾನು ಅಲ್ಲೇ ನಿಂತು ಎರಡು ಗುಟುಕು ಕುಡಿಯುತ್ತೇನೆ. ನುಂಗಿದ್ದು ಅವನಿಗೆ ಕಾಣಲಿ ಎಂದು ಬಾಯಿ ತೆರೆದು ತೋರಿಸುತ್ತೇನೆ. ಆಮೇಲೆ ಅವನು ಕುಡಿಯುತ್ತಾನೆ.